ಮೇಷ್ಟ್ರ ತುಟಿಗೆ ತಮ್ಮನ ಮಾತು

ನನ್ನ ಸಿನಿಮಾದ ಡಬ್ಬಿಂಗ್ ಶುರುವಾಗಬೇಕಿದ್ದ ವಾರದಲ್ಲೇ ಅದರಲ್ಲಿ ತಂದೆಯ ಪಾತ್ರ ಮಾಡಿದ್ದ ಮೇಷ್ಟ್ರು ತೀರಿಕೊಂಡರು. ಗುಬ್ಬಿಯಿಂದ ಫೋನ್ ಬಂದಾಗ ನಾನು ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅವರ ಮುಖವನ್ನೇ ನೋಡುತ್ತಿದ್ದೆ. ಪರದೆಯ ಮೇಲೆ ಅವರು ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದರು. "ಟೀ ಕುಡಿದವ್ರು ಹಂಗೇ ಗೋಡೆಗೆ ಒರಗ್ಬುಟ್ರು ಕಣಮ್ಮ" ಎಂದರು ಅವರ ಪಕ್ಕದ ಮನೆಯವರು. ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ವಿಡಿಯೋ ನಿಲ್ಲಿಸಬೇಕೆಂದು ಹೊಳೆಯಲೇ ಇಲ್ಲ. ಪರದೆಯಲ್ಲಿ ಬಸ್ಸು ಓಡುತ್ತಲೇ ಇತ್ತು.

ನಾನು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವವಳು. ಊರಿನ ಸ್ಟುಡಿಯೋದವರು ಹಾರ್ಡ್ ಡಿಸ್ಕ್ ತಂದುಕೊಡುತ್ತಾರೆ, ನಾನು ಮನೆಯಲ್ಲೇ ಕೂತು ಧಾರೆಯನ್ನೂ ನಿಕಾಹನ್ನೂ ಕತ್ತರಿಸಿ, ಹಾಡು ಸೇರಿಸಿ ಕೊಡುತ್ತೇನೆ. ನಮ್ಮ ಯಜಮಾನರದು ಬಟವಾಡಿಯಲ್ಲಿ ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮೇಷ್ಟ್ರು ನನಗೆ ಸಿಕ್ಕಿದ್ದೂ ಒಂದು ಮದುವೆಯ ವಿಡಿಯೋದಲ್ಲೇ. ವಧೂವರರನ್ನು ಹರಸಲು ಮೈಕ್ ಹಿಡಿದ ಒಬ್ಬ ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು ಎಷ್ಟು ಹೊತ್ತಾದರೂ ಅದನ್ನು ಕೆಳಗಿಡಲಿಲ್ಲ. ಊಟಕ್ಕೆ ಹೊರಟಿದ್ದವರೂ ತಿರುಗಿ ಬಂದು ನಗುತ್ತಾ ಕೇಳುತ್ತಿದ್ದರು. "ಆ ಅಜ್ಜನ್ನ ಪೂರ್ತಿ ಕಟ್ ಮಾಡ್ಬಿಡಿ ಮೇಡಂ" ಎಂದು ಸ್ಟುಡಿಯೋದವರು ಹೇಳಿದ್ದರು. ಮದುವೆಯಿಂದ ಕಟ್ ಮಾಡಿದೆ. ತಲೆಯಿಂದ ಆಗಲಿಲ್ಲ. ಆಗ ನನ್ನ ಬಳಿ ಸಿನಿಮಾ ಮಾಡಬೇಕೆಂದು ಬರೆದಿಟ್ಟಿದ್ದ ಒಂದು ಕಥೆ ಇತ್ತು. ಮಗಳ ಮದುವೆಗೆ ಹೋಗದೆ ಮುನಿಸಿಕೊಂಡಿದ್ದ ತಂದೆಯೊಬ್ಬ, ಸತ್ತ ಹೆಂಡತಿಯ ಹೊಲಿಗೆ ಮಿಷನ್ನನ್ನು ಬಸ್ಸಿನಲ್ಲಿ ಹೊತ್ತುಕೊಂಡು ಮಗಳ ಊರಿಗೆ ಹೋಗುವ ಕಥೆ. ಆ ತಂದೆಗೆ ಮುಖವಿರಲಿಲ್ಲ. ಈಗ ಸಿಕ್ಕಿತು. ಗುಬ್ಬಿಗೆ ಹೋಗಿ ಕೇಳಿದೆ. ಮೇಷ್ಟ್ರು ಕಥೆ ಪೂರ್ತಿ ಕೇಳುವ ಮೊದಲೇ, "ಯಾವಾಗ ಬರ್ಬೇಕಮ್ಮ?" ಎಂದರು.

ಅವರದು ಪೌರಾಣಿಕ ನಾಟಕದ ಗಂಟಲು. ಶೂಟಿಂಗಿನ ಮೊದಲ ದಿನ ಬಸ್ಸಿನ ಕಂಡಕ್ಟರ್‌ಗೆ "ಒಂದು ಟಿಕೆಟ್" ಎಂದು ಹೇಳಿದ ರಭಸಕ್ಕೆ ಪಕ್ಕದಲ್ಲಿದ್ದ ಮಗು ಅತ್ತುಬಿಟ್ಟಿತು.

"ಮೇಷ್ಟ್ರೇ, ಮೆಲ್ಲಗೆ. ಮೈಕ್ ನಿಮ್ಮ ಅಂಗಿ ಒಳಗೇ ಇದೆ."

"ಕೊನೇ ಸಾಲಿನವ್ರಿಗೆ ಕೇಳ್ಬೇಕಲ್ಲಮ್ಮ?"

"ಇಲ್ಲಿ ಸಾಲೇ ಇಲ್ಲ ಮೇಷ್ಟ್ರೇ."

ಅವರು ಸುತ್ತ ನೋಡಿ, ಒಪ್ಪಿ, ಮತ್ತೆ ಅಷ್ಟೇ ಜೋರಾಗಿ ಹೇಳಿದರು. ದಿನ ಕಳೆದಂತೆ ತಗ್ಗಿದರು. ಮಗಳ ಮನೆಯ ಬಾಗಿಲಿನ ದೃಶ್ಯವನ್ನು ಹುತ್ರಿದುರ್ಗದಲ್ಲಿ ತೆಗೆಯುವ ಹೊತ್ತಿಗೆ ಅವರ ಮಾತು ಎಷ್ಟು ಸಣ್ಣದಾಗಿತ್ತೆಂದರೆ ನಾನು ಕ್ಯಾಮೆರಾ ಬಿಟ್ಟು ಅವರನ್ನೇ ನೋಡುತ್ತಾ ನಿಂತುಬಿಟ್ಟೆ. ಆದರೆ ಅಲ್ಲಿ ಬೆಟ್ಟದಿಂದ ಇಳಿಯುವ ಗಾಳಿ ಬೀಸುತ್ತಲೇ ಇತ್ತು. ಮನೆಗೆ ಬಂದು ಹೆಡ್‌ಫೋನ್ ಹಾಕಿ ಕೇಳಿದರೆ ಗಾಳಿಯ ಗೊರಗೊರ ಸದ್ದಿನ ಅಡಿಯಲ್ಲೆಲ್ಲೋ ಮೇಷ್ಟ್ರು. ಬಸ್ಸಿನೊಳಗಿನ ದೃಶ್ಯಗಳಲ್ಲಿ ಎಂಜಿನ್ನೇ ಮಾತಾಡುತ್ತಿತ್ತು. "ಪೂರ್ತಿ ಡಬ್ ಮಾಡ್ಬೇಕಾಗುತ್ತೆ" ಎಂದು ಫೋನ್ ಮಾಡಿದಾಗ ಮೇಷ್ಟ್ರಿಗೆ ಸಂತೋಷವೇ ಆಯಿತು. "ಇನ್ನೊಂದ್ಸಲ ಮಾಡೋಕೆ ಸಿಗುತ್ತಲ್ಲ, ಬರ್ತೀನಿ."

ಬರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಾನು ಒಂದು ಕಡೆ ಕೂತ ನೆನಪಿಲ್ಲ. ಅನ್ನಕ್ಕೆ ನೀರಿಟ್ಟು ಒಲೆ ಹಚ್ಚುವುದನ್ನೇ ಮರೆಯುತ್ತಿದ್ದೆ. "ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಎಂದು ಅತ್ತೆ ಬೈಯುತ್ತಿದ್ದರು. ಬೆಂಗಳೂರಿನಿಂದ ಕಂಠದಾನ ಮಾಡುವವರೊಬ್ಬರನ್ನು ಕರೆಸಿದೆವು. ಒಳ್ಳೆಯ ಧ್ವನಿ, ಶುದ್ಧ ಉಚ್ಚಾರಣೆ. ಆದರೆ ಮೇಷ್ಟ್ರ ತುಟಿಯಿಂದ ರೇಡಿಯೋದ ಕೃಷಿ ಕಾರ್ಯಕ್ರಮ ಕೇಳಿದ ಹಾಗಿತ್ತು. ಪರಿಚಯದ ಹುಡುಗನೊಬ್ಬ ಕಂಪ್ಯೂಟರಿನಲ್ಲೇ ಮೇಷ್ಟ್ರ ಧ್ವನಿ ತಯಾರಿಸಿ ಕಳಿಸಿದ. ಧ್ವನಿ ಅವರದ್ದೇ, ಆದರೆ ಅದು ಎಲ್ಲೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಕೇಳಿ ನನಗೆ ಹೆದರಿಕೆಯಾಗಿ ಅಳಿಸಿ ಹಾಕಿದೆ.

ಒಂದು ಸಂಜೆ ಯಜಮಾನರು ಊಟಕ್ಕೆ ಕೂತವರು ತುತ್ತನ್ನು ತಟ್ಟೆಗೇ ಹಾಕಿದರು. "ಮೇಷ್ಟ್ರ ಮನೆಗೆ ಮಣ್ಣಿಗೆ ಹೋಗಿದ್ವಲ್ಲ," ಎಂದು ಉರ್ದುವಿನಲ್ಲಿ ನೆನಪಿಸಿದರು, "ಹಿಂದಿನಿಂದ ಯಾರೋ 'ದಾರಿ ಬಿಡ್ರಪ್ಪ' ಅಂದ್ರು. ನನಗೆ ಜೀವ ಝಲ್ ಅಂತು. ಮೇಷ್ಟ್ರೇ ಅಂದ್ಕೊಂಡೆ."

ಗುಬ್ಬಿಯಲ್ಲಿ ವಿಚಾರಿಸಿದೆವು. ಅದು ಮೇಷ್ಟ್ರ ತಮ್ಮ. ಅವರು ಆ ದಿನ ಮನೆಯೊಳಗೆ ಬಂದಿರಲಿಲ್ಲ. ಎದುರು ಮನೆಯ ಜಗಲಿಯ ಹತ್ತಿರ ನಿಂತಿದ್ದು, ಅಲ್ಲಿಂದಲೇ ಹೋಗಿಬಿಟ್ಟಿದ್ದರು. ಕುಣಿಗಲ್ಲಿನಲ್ಲಿ ಅವರದು ಮೋಟರ್ ರಿವೈಂಡಿಂಗ್ ಅಂಗಡಿ ಎಂದೂ ಗೊತ್ತಾಯಿತು. ಮಾರನೇ ದಿನವೇ ಬಸ್ ಹತ್ತಿದೆ.

ಅಂಗಡಿ ತುಂಬ ಬಿಚ್ಚಿಟ್ಟ ಪಂಪ್‌ಸೆಟ್ಟುಗಳು, ತಾಮ್ರದ ತಂತಿಯ ಸುರುಳಿಗಳು. ಅವರು ತಲೆ ಎತ್ತದೆ, "ಏನಮ್ಮ ಸುಟ್ಟೋಗೈತೆ?" ಎಂದು ಕೇಳಿದರು. ಮೇಷ್ಟ್ರದ್ದೇ ಧ್ವನಿ. ವಿಷಯ ಹೇಳಿದೆ. ಅವರ ಮುಖ ಬಿಗಿಯಿತು.

"ಮೈಕ್ ಅಂದ್ರೆ ನಮ್ಗಾಗಲ್ಲ. ಹೋಗ್ಬುಟ್ಟು ಬನ್ನಿ."

ಹೋದೆ. ಮತ್ತೊಂದು ವಾರ ಯಜಮಾನರನ್ನು ಕರೆದುಕೊಂಡು ಬಂದೆ. ಮನೆಯ ಪಂಪಿನ ಕೆಟ್ಟ ಮೋಟರೊಂದನ್ನು ನೆಪಕ್ಕೆ ತಂದಿದ್ದೆವು ಅಂದುಕೊಳ್ಳಬೇಡಿ. ನೆಪ ಹುಡುಕುವಷ್ಟು ತಾಳ್ಮೆ ನನಗಿರಲಿಲ್ಲ. ಸುಮ್ಮನೆ ಹೋಗಿ ಸ್ಟೂಲಿನ ಮೇಲೆ ಕೂತೆ. ಅವರಿಗೂ ಆ ಹೊತ್ತಿಗೆ ಮಾತಾಡಬೇಕೆನಿಸಿತ್ತೋ ಏನೋ, ಟೀ ತರಿಸಿದರು.

"ನಂಗೂ ಅವ್ನಿಗೂ ಯಾಕ್ ಮಾತಿರ್ಲಿಲ್ಲ ಗೊತ್ತಾ? ನಾಟಕ. ಅವ್ನು ದುರ್ಯೋಧನ, ನಾನು ಭೀಮ. ಊರೆಲ್ಲ ಸೇರೈತೆ. ನನ್ ಹೆಂಡ್ರು ಕಡೆಯವ್ರೂ ಬಂದವ್ರೆ. ಗದೆ ಎತ್ತುದೆ, ಮಾತು ಮರೆತೋಯ್ತು. ಒಂದು ಗಳಿಗೆ ಸುಮ್ನಿದ್ದಿದ್ರೆ ಬರೋದು. ಇವ್ನು ದುರ್ಯೋಧನನ ಗತ್ತಲ್ಲೇ ನನ್ ಮಾತನ್ನ ತಾನೇ ಹೇಳ್ಬುಟ್ಟ. ಜನ ನಕ್ಕಿದ್ದು ನಕ್ಕಿದ್ದೇ. ಗದೆ ಅಲ್ಲೇ ಬಿಸಾಕಿ ಇಳಿದು ಬಂದೆ."

"ಅಷ್ಟಕ್ಕೇನಾ?" ಎಂದು ಬಾಯಿ ತಪ್ಪಿ ಬಂತು.

"ನಿಮ್ಗೆ ಅಷ್ಟು," ಎಂದರು ಅವರು. "ಆಮೇಲೆ ಅವ್ನೂ ಬರ್ಲಿಲ್ಲ, ನಾನೂ ಹೋಗ್ಲಿಲ್ಲ. ಹಬ್ಬ ಬಂತು, ಮದ್ವೆ ಬಂತು, ಹಂಗೇ ಹೋಯ್ತು." ಸ್ವಲ್ಪ ಹೊತ್ತು ತಂತಿ ಸುತ್ತಿ, "ಸಿನಿಮಾದಲ್ಲಿ ಏನು ಮಾತಾಡವ್ನೆ? ಕೇಳ್ಸಿ ನೋಡನ" ಎಂದರು.

ಹೆಡ್‌ಫೋನ್ ಕೊಟ್ಟೆ. ಗಾಳಿಯ ಗದ್ದಲದ ನಡುವೆ ಅಣ್ಣನ ಮಾತನ್ನು ಹೆಕ್ಕಿಕೊಳ್ಳಲು ಅವರು ಕಣ್ಣು ಮುಚ್ಚಿಕೊಂಡರು. ತೆಗೆದುಕೊಡುವಾಗ ನನ್ನ ಮುಖ ನೋಡಲಿಲ್ಲ. "ಭಾನುವಾರ ಅಂಗಡಿ ರಜ. ಆದ್ರೆ ನಮ್ಮತ್ತಿಗೆಗೆ ಈಗ್ಲೇ ಗೊತ್ತಾಗ್ಬಾರ್ದು. ನಾನೇ ಹೇಳ್ತೀನಿ."

ಸ್ಟುಡಿಯೋ ಬಾಡಿಗೆ ನಮ್ಮಿಂದಾಗುವ ಮಾತಲ್ಲ. ಬಟವಾಡಿಯ ಅಂಗಡಿಯ ಹಿಂದಿನ ಗೋಡೌನಿನಲ್ಲಿ ಶಾಮಿಯಾನದ ಬಟ್ಟೆಗಳನ್ನು ಮಡಿಕೆ ಮಡಿಕೆಯಾಗಿ ಇಳಿಬಿಟ್ಟು, ಗೋಡೆಗೆ ಹಾಸಿಗೆಗಳನ್ನು ನಿಲ್ಲಿಸಿ ಯಜಮಾನರು ಒಂದು ಕೋಣೆ ಮಾಡಿದರು. ಹೈವೇಯಲ್ಲಿ ಲಾರಿ ಹೋದಾಗ ಮಾತ್ರ ಕಾಯಬೇಕಾಗುತ್ತಿತ್ತು. ಅದರೊಳಗೆ ಸೆಕೆ, ಹಳೇ ಮದುವೆಗಳ ಸಾಂಬ್ರಾಣಿ ವಾಸನೆ. ಮೇಷ್ಟ್ರ ತಮ್ಮ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಮೈಕ್ ಮುಂದೆ ನಿಂತು ಹೆಡ್‌ಫೋನ್ ಹಾಕಿಕೊಂಡರು. ಕಿವಿಯಲ್ಲಿ ಅಣ್ಣನ ಮಾತು, ಎದುರು ಅಣ್ಣನ ಮುಖ. ಮೊದಲ ಸಾಲೇ ತಪ್ಪಿತು. ಎರಡನೆಯದೂ ತಪ್ಪಿತು. ಅವರು ಹೆಡ್‌ಫೋನ್ ಕಿತ್ತರು.

"ಇವ್ನು ಈಗ್ಲೂ ನನಗಿಂತ ಮುಂಚೇನೇ ಹೇಳ್ಬುಡ್ತಾನೆ ಕಣಮ್ಮ!"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಕ್ಕಿದ್ದು ಮೊದಲು ಅವರೇ. ಆಮೇಲೆ ಕೆಲಸ ಸಾಗಿತು. ಭಾನುವಾರಗಳು ಹೋದಂತೆ ಅವರು ಅಣ್ಣನ ಕೆಮ್ಮನ್ನೂ ಉಗುಳು ನುಂಗುವುದನ್ನೂ ತಾವೇ ಹಾಕತೊಡಗಿದರು. ಸಿಕ್ಕಿಕೊಂಡಿದ್ದು ಬಾಗಿಲಿನ ದೃಶ್ಯದಲ್ಲಿ. ಮಗಳ ಮನೆಯ ಮುಚ್ಚಿದ ಬಾಗಿಲಿಗೆ ಹಣೆ ಇಟ್ಟು ಮೇಷ್ಟ್ರು, "ನಂದೇ ತಪ್ಪು ಕಣವ್ವ, ಬಾಗ್ಲು ತೆಗಿ" ಎನ್ನುತ್ತಾರೆ. ತಮ್ಮನಿಗೆ ಅದು ಬಾಯಿಗೆ ಬರಲಿಲ್ಲ. ಹೊರಗೆ ಹೋಗಿ ನೀರು ಕುಡಿದು ಬಂದರು.

"ಇದ್ನ ನೀವು ಬರ್ಕೊಟ್ಟಿದ್ದಾ, ಅವ್ನೇ ಹೇಳಿದ್ದಾ?"

"ನಾನು ಬರೆದಿದ್ದು ಬರೀ 'ಬಾಗ್ಲು ತೆಗಿ'. ಮೊದಲನೇದನ್ನ ಅವ್ರೇ ಸೇರಿಸಿದ್ರು."

ಅದು ನಿಜ. ಅವರು ತಲೆಯಾಡಿಸಿ ಮೈಕ್ ಹತ್ತಿರ ಸರಿದರು. ಆ ಸಲ ಒಂದೇ ಬಾರಿಗೆ ಆಯಿತು. ನಾನು ಇನ್ನೊಂದು ಸಲ ಕೇಳಲಿಲ್ಲ.

ಸಿನಿಮಾ ಮುಗಿಸುವುದಕ್ಕಿಂತ ಅದಕ್ಕೆ ಜನ ಸೇರಿಸುವುದು ಕಷ್ಟ ಎಂದು ಸೆನ್ಸಾರ್ ಆದಮೇಲೆ ತಿಳಿಯಿತು. ತುಮಕೂರಿನ ಒಂದು ಥಿಯೇಟರಿನವರು ಶುಕ್ರವಾರದಿಂದ ಬೆಳಗಿನ ಆಟ ಮಾತ್ರ ಕೊಡುತ್ತೇವೆಂದರು. "ಜನ ಇದ್ರೆ ಹಾಕ್ತೀವಿ, ಇಲ್ದಿದ್ರೆ ತೆಗೀತೀವಿ, ಬೇಜಾರ್ ಮಾಡ್ಕೋಬಾರ್ದು" ಎಂದು ಮ್ಯಾನೇಜರ್ ಮೊದಲೇ ಹೇಳಿಬಿಟ್ಟರು. ಮೊಬೈಲಿನಲ್ಲಿ ರೀಲ್ಸ್ ಹಾಕಿದೆ. ಕಾಲೇಜುಗಳ ಗೇಟಿನಲ್ಲಿ ಪಾಂಪ್ಲೆಟ್ ಹಂಚಿದೆ. ಹುಡುಗಿಯರು ತೆಗೆದುಕೊಂಡು, "ಹೀರೋ ಯಾರು ಮೇಡಂ?" ಎಂದು ಕೇಳಿ, ಮೇಷ್ಟ್ರ ಚಿತ್ರ ನೋಡಿ ನಕ್ಕು ಹೋಗುತ್ತಿದ್ದರು. ಬಿಡುಗಡೆಗೆ ಮುಂಚಿನ ದಿನಗಳಲ್ಲಿ ಯಜಮಾನರ ಲಗೇಜ್ ಆಟೋಗೆ ಎರಡು ಹಾರ್ನ್ ಸ್ಪೀಕರ್ ಕಟ್ಟಿ, ಪೋಸ್ಟರ್ ಅಂಟಿಸಿ, ಸಿನಿಮಾದ ಮಾತುಗಳನ್ನು ಹಾಕಿಕೊಂಡು ತುಮಕೂರೆಲ್ಲ ಸುತ್ತಿದೆವು. ಕೊನೆಗೆ ಗುಬ್ಬಿಗೆ ಬಂದೆವು.

ಬಸ್ ನಿಲ್ದಾಣದ ಕಡೆ ಹೋಗಬೇಕಿತ್ತು. ರಸ್ತೆ ಅಗೆದಿದ್ದರು. ಯಜಮಾನರು ಬಲಕ್ಕೆ ತಿರುಗಿಸಿದರು, ಮತ್ತೆ ಎಡಕ್ಕೆ. ನಾನು ಫೋನಿನಲ್ಲಿ ಬುಕಿಂಗ್ ಆ್ಯಪ್ ತೆರೆದು ಎಷ್ಟು ಸೀಟು ಹೋಗಿವೆ ಎಂದು ನೋಡುತ್ತಿದ್ದವಳು ತಲೆ ಎತ್ತಿದರೆ ಮೇಷ್ಟ್ರ ಬೀದಿ. ಸ್ಪೀಕರಿನಿಂದ ಬೀದಿಯುದ್ದಕ್ಕೂ ಮೇಷ್ಟ್ರ ಮಾತು. ಮನೆಗಳಿಂದ ಜನ ಹೊರಬಂದರು. ಮೇಷ್ಟ್ರ ಹೆಂಡತಿ ನಲ್ಲಿಯ ಹತ್ತಿರ ಕೊಡಪಾನ ಹಿಡಿದು ನಿಂತಿದ್ದರು.

"ಆಫ್ ಮಾಡ್ರಿ," ಎಂದೆ. ಯಜಮಾನರು ಆಟೋ ನಿಲ್ಲಿಸಿ ಸ್ಪೀಕರ್ ಬಂದ್ ಮಾಡಿದರು.

"ಯಾಕವ್ವ ನಿಲ್ಸುದ್ರಿ? ಹಾಕಿ" ಎಂದರು ಮೇಷ್ಟ್ರ ಹೆಂಡತಿ.

ಹಾಕಿದೆವು. ಕೊಡಪಾನ ತುಂಬಿ ನೀರು ಕಾಲಿನ ಮೇಲೆ ಹರಿದರೂ ಅವರು ನಲ್ಲಿ ನಿಲ್ಲಿಸಲಿಲ್ಲ. ಪೂರ್ತಿ ಕೇಳಿ, "ಇದು ನಮ್ ಮೈದುನ" ಎಂದರು.

'ನಾನೇ ಹೇಳ್ತೀನಿ' ಎಂದಿದ್ದವರು ಹೇಳಿರಲಿಲ್ಲ.

"ಸತ್ತಾಗ ಹೊಸ್ಲು ದಾಟ್ಲಿಲ್ಲ. ನಿಮ್ ಮೈಕಿನ ಮುಂದೆ ಬಂದ್ನಾ?" ಧ್ವನಿ ಏರಿತು. ಅಕ್ಕಪಕ್ಕದವರು ನೋಡುತ್ತಿದ್ದರು. ನಾನು ಆಟೋದಿಂದ ಇಳಿದು ಅವರ ಹತ್ತಿರ ಹೋದೆ. ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಅವರು ನಲ್ಲಿ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಶುಕ್ರವಾರ ಅವ್ನು ಬತ್ತಾನಾ?" ಎಂದು ಕೇಳಿದರು.

"ಬರ್ತಾರಮ್ಮ."

"ಹಂಗಾದ್ರೆ ನಂಗೂ ಒಂದು ಸೀಟು ಮಡಗಿ."

ಶುಕ್ರವಾರ ಬೆಳಿಗ್ಗೆ ನಾನು ಥಿಯೇಟರಿನ ಒಳಗೂ ಹೊರಗೂ ಎಷ್ಟು ಸಲ ಓಡಾಡಿದೆನೋ. ಟಿಕೆಟ್ ಕೌಂಟರಿನವರು, "ಮೇಡಂ, ನೀವು ಅಡ್ಡ ನಿಂತ್ರೆ ಜನ ಎಲ್ಲಿಂದ ಬರ್ಬೇಕು?" ಎಂದು ರೇಗಿದರು. ಬಂದವರು ಕಡಿಮೆ. ನನ್ನ ಕಡೆಯ ನೆಂಟರು, ಮೇಷ್ಟ್ರ ಹಳೇ ವಿದ್ಯಾರ್ಥಿಗಳು, ಬಿಸಿಲಿಗೆ ಒಳಗೆ ಬಂದ ಕೆಲವರು. ಅಷ್ಟಕ್ಕೇ ಆಟ ಶುರುಮಾಡಿದರು. ಮೇಷ್ಟ್ರ ಹೆಂಡತಿ ಮಧ್ಯದ ಸಾಲಿನಲ್ಲಿ ಕೂತರು. ಮೈದುನ ಅವರನ್ನು ಕಂಡು ಹಿಂದಿನ ಸಾಲಿಗೆ ಹೋದರು. ಅತ್ತಿಗೆ ತಿರುಗಿ ನೋಡಲಿಲ್ಲ. ನಾನು ಬಾಗಿಲ ಬಳಿ ನಿಂತು, ಪರದೆ ಬಿಟ್ಟು ಅವರಿಬ್ಬರ ತಲೆಗಳನ್ನೇ ನೋಡುತ್ತಿದ್ದೆ.

ಇಂಟರ್ವಲ್‌ನಲ್ಲಿ ಮೈದುನ ಎರಡು ಟೀ ಹಿಡಿದು ಬಂದರು. ಒಂದನ್ನು ಅತ್ತಿಗೆಯ ಮುಂದೆ ಚಾಚಿದರು. ಅವರು ತಕ್ಷಣ ತೆಗೆದುಕೊಳ್ಳಲಿಲ್ಲ. ಟೀ ಕೈ ಸುಡುತ್ತಿತ್ತು ಅಂತ ಕಾಣುತ್ತದೆ, ಮೈದುನ ಬೆರಳು ಬದಲಾಯಿಸುತ್ತಾ ನಿಂತೇ ಇದ್ದರು. ಕೊನೆಗೆ ಅತ್ತಿಗೆ ಕಪ್ ತೆಗೆದುಕೊಂಡು ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ತೊಡೆಗೆ ಎತ್ತಿಕೊಂಡರು. ಮೈದುನ ಅಲ್ಲಿ ಕೂತರು.

ಬಾಗಿಲಿನ ದೃಶ್ಯ ಬಂದಾಗ ನನಗೆ ನೋಡಲಾಗದೆ ಹೊರಗೆ ಹೋಗಿಬಿಟ್ಟೆ. ಸಿನಿಮಾ ಮುಗಿದಾಗ ಯಜಮಾನರು ಜುಮ್ಮಾ ನಮಾಜಿಗೆ ಹೊರಟಿದ್ದರು. ಮೆಟ್ಟಿಲ ಮೇಲೆ ನಾನೊಬ್ಬಳೇ. ಮೇಷ್ಟ್ರ ಹೆಂಡತಿ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು.

"ಚೆನ್ನಾಗೈತೆ ಕಣವ್ವ. ಆದ್ರೆ ನಮ್ಮೆಜಮಾನ್ರು ನನ್ ಹತ್ರ ಒಂದಿನಾನೂ ಇಷ್ಟು ಮೆತ್ತಗೆ ಮಾತಾಡಿರ್ಲಿಲ್ಲ."

ಅವರು ಅದನ್ನು ದೂರಿನಂತೆ ಹೇಳಿದರೋ, ಹೆಮ್ಮೆಯಿಂದ ಹೇಳಿದರೋ, ಈಗಲೂ ನನಗೆ ಗೊತ್ತಿಲ್ಲ. ಮೈದುನ ನೆಲ ನೋಡುತ್ತಾ, "ಬಸ್ ಸ್ಟ್ಯಾಂಡ್‌ಗೆ ಬುಡ್ತೀನಿ, ಬನ್ನಿ ಅತ್ಗೆ" ಎಂದರು. ಹೋದರು.

ಸಿನಿಮಾ ಒಂದು ವಾರವೂ ನಿಲ್ಲಲಿಲ್ಲ. ಬುಧವಾರ ಬೆಳಿಗ್ಗೆ ಹೋದರೆ ನಮ್ಮ ಪೋಸ್ಟರಿನ ಮೇಲೆ ಬೇರೆ ಪೋಸ್ಟರ್ ಅಂಟಿಸುತ್ತಿದ್ದರು. ಅಂಟು ಇನ್ನೂ ಹಸಿಯಿತ್ತು. ಅಳು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಸಿಟ್ಟು ಬಂತು. ಮನೆಗೆ ಬಂದವಳೇ ಯಜಮಾನರಿಗೆ, "ನಮ್ಮ ಹತ್ರ ಶಾಮಿಯಾನ ಇದೆ, ಕುರ್ಚಿ ಇದೆ, ಸ್ಪೀಕರ್ ಇದೆ. ಥಿಯೇಟರ್ ಯಾಕೆ ಬೇಕು?" ಎಂದೆ. ಅವರು ಗಡ್ಡ ಕೆರೆದುಕೊಂಡು, "ಪರದೆ ಒಂದಿಲ್ಲ," ಎಂದರು. ಬಿಳಿ ಬಟ್ಟೆ ತಂದು ನಾನೇ ಹೊಲಿದೆ.

ಮೊದಲ ಆಟ ಗುಬ್ಬಿಯ ಒಂದು ಕಲ್ಯಾಣ ಮಂಟಪದ ಅಂಗಳದಲ್ಲಿ. ಆ ಸಂಜೆ ಮೇಷ್ಟ್ರ ತಮ್ಮ ಪರದೆಯ ಪೈಪ್ ಸ್ಟ್ಯಾಂಡ್ ಬಿಗಿಯಲು ಸ್ಪ್ಯಾನರ್ ತಂದಿದ್ದರು. ಮಧ್ಯಾಹ್ನ ಅತ್ತಿಗೆಯ ಮನೆಯಲ್ಲೇ ಉಂಡು ಬಂದೆನೆಂದು ಯಾರೂ ಕೇಳದಿದ್ದರೂ ನನಗೆ ಹೇಳಿದರು. ಜನ ಬರುವ ಮುಂಚೆ ಬಟ್ಟೆ ಬಿಗಿಯಾಗದೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಅವರು ಒಂದು ತುದಿ, ಯಜಮಾನರು ಇನ್ನೊಂದು ತುದಿ ಹಿಡಿದು ಎಳೆದರು. ನಾನು ಗೇಟಿನ ಹತ್ತಿರ ಹೋದೆ, ಯಾರಾದರೂ ಬರುತ್ತಿದ್ದಾರೇನೋ ನೋಡಲು. ತಿರುಗಿ ಬಂದೆ. ಮತ್ತೆ ಹೋದೆ. ಬೀದಿಯ ತುದಿಯಲ್ಲಿ ಮೇಷ್ಟ್ರ ಹೆಂಡತಿ ನಾಲ್ಕೈದು ಹೆಂಗಸರನ್ನು ಕರೆದುಕೊಂಡು, ಜೋರಾಗಿ ಸಿನಿಮಾದ ಕಥೆ ಹೇಳುತ್ತಾ ಬರುತ್ತಿದ್ದರು.