ಉಮಾಮಹೇಶ್ವರನ ಕಾರಿನ ಬೇಸು

ಹಬ್ಬುವಾಡದ ನಮ್ಮ ಉಮಾಮಹೇಶ್ವರನ ಪ್ರಕಾರ ಕಾರೆಂದರೆ ಸ್ಪೀಕರುಗಳಿಗಾಗಿ ಕಂಪನಿಯವರು ಕಟ್ಟಿದ ಮನೆ. ಅದರಲ್ಲಿ ಜನರೂ ಕೂರಬಹುದು ಅನ್ನುವುದು ಒಂದು ಹೆಚ್ಚಿನ ಅನುಕೂಲ, ಅಷ್ಟೆ. ಯಾರು ಹೊಸ ಕಾರು ತಂದರೂ ಅವನು ಮೈಲೇಜು ಕೇಳುವುದಿಲ್ಲ. ಬಾಗಿಲನ್ನು ಬೆರಳಿನಿಂದ ಬಡಿದು, ಹಲಸಿನ ಹಣ್ಣು ನೋಡುವವನಂತೆ ಕಿವಿಗೊಟ್ಟು, "ಒಳಗೆ ಜಾಗ ಚಲೋ ಅದೆ" ಅನ್ನುತ್ತಾನೆ. ಮದುವೆ ಊಟದ ಎಲೆಯ ಮೇಲೆ ಹಪ್ಪಳವನ್ನು ಸ್ಪೀಕರ್ ಮಾಡಿ, ಹೋಳಿಗೆಯನ್ನು ಆಂಪ್ಲಿಫೈಯರ್ ಮಾಡಿ, ನಡುವೆ ಶ್ಯಾವಿಗೆ ಎಳೆದು ಪಕ್ಕದವರಿಗೆ ವೈರಿಂಗ್ ವಿವರಿಸುತ್ತಾನೆ. ಅವನ ಹಳೆಯ ಕಾರು ಸದಾಶಿವಗಡಕ್ಕೆ ಬಂದರೆ ಮೀನು ಮಾರುವ ಹೆಂಗಸರು ಬುಟ್ಟಿ ಗಟ್ಟಿಯಾಗಿ ಹಿಡಿದುಕೊಂಡು, "ಸತ್ತ ಬಂಗಡೆನೂ ಎದ್ದು ಸಮುದ್ರಕ್ಕೆ ಹೋಗ್ತದೆ ಮಾರಾಯಾ, ಸಣ್ಣ ಮಾಡು" ಎಂದು ಬೈಯುತ್ತಾರೆ. ಇಷ್ಟಾದರೂ ತೃಪ್ತಿಯಿಲ್ಲದೆ ಕಳೆದ ತಿಂಗಳು ಅಂಕೋಲೆಯ ಅಂಗಡಿಗೆ ಹೋಗಿ, ಗುಡುಗಿನಂತೆ ಗುಮ್ಮೆನ್ನುವ ಇನ್ನೊಂದು ಬೇಸ್ ಪೆಟ್ಟಿಗೆಯನ್ನು ಮುಂದಿನ ಎಡ ಸೀಟಿನ ಅಡಿಗೇ ಕೂರಿಸಬೇಕೆಂದು ಹಟ ಹಿಡಿದ. "ಡಿಕ್ಕಿಯಲ್ಲಿ ಹಾಕಿದ್ರೆ ಚಲೋ ಕೇಳ್ತದೆ ಮಾರಾಯ್ರೆ" ಎಂದ ಅಂಗಡಿಯ ಸತೀಶ. "ಇದು ಕೇಳೂಕೆ ಅಲ್ಲ" ಎಂದ ಇವನು. ಕೆಲಸ ಮುಗಿದ ಮೇಲೆ, ಹುಟ್ಟಿನಿಂದಲೇ ಕಿವಿ ಕೇಳದ ತಂಗಿ ಶರಾವತಿಯನ್ನು ಕರೆತಂದು ಆ ಸೀಟಿನಲ್ಲಿ ಕೂರಿಸಿ ಹಾಡು ಹಾಕಿದ. ಅವಳು ಮೊದಲು ಬೆಚ್ಚಿದಳು, ಆಮೇಲೆ ಸೀಟಿಗೆ ಅಂಗೈ ಒತ್ತಿ ಹಿಡಿದು, ತಾಳಕ್ಕೆ ಸರಿಯಾಗಿ ತಲೆದೂಗತೊಡಗಿದಳು. ಅಂಗಡಿಯ ಗಾಜು ಅಲುಗಿತೆಂದು ಸತೀಶ ಸದ್ದು ತಗ್ಗಿಸಹೋದ. ಶರಾವತಿ ಅವನ ಕೈ ತಡೆದು, ಇನ್ನೂ ಜೋರು ಮಾಡೆಂದು ಬೆರಳು ಮೇಲೆತ್ತಿ ತೋರಿಸಿದಳು.