ಪಾತ್ರೆ ಕಾಯುವವರು

ಕೊಚ್ಚಿಗೆ ಹೊರಟ ಬೆಳಗ್ಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಈ ಸಲ ಅವ್ವನನ್ನು ದೋಣಿ ಹತ್ತಿಸಲೇಬೇಕು.

ನಮ್ಮದು ಮಳವಳ್ಳಿ ಪಕ್ಕದ ಒಕ್ಕಲು ಮನೆ. ನೀರಿನ ದಡ ಎಂದರೆ ನಮಗೆ ಮುತ್ತತ್ತಿ. ಆಂಜನೇಯನಿಗೆ ಕೈಮುಗಿದು, ಗುಡಿಯಿಂದ ದೂರ ಹೊಳೆ ಪಕ್ಕದಲ್ಲಿ ಮೂರು ಕಲ್ಲು ಹೂಡಿ, ಕೋಳಿಸಾರು ಮುದ್ದೆ ಮಾಡಿ ಉಂಡು ಬರುವುದು. ಸಾರು ಕುದಿಯುವಷ್ಟು ಹೊತ್ತು ಅಪ್ಪ ನಮ್ಮನ್ನೆಲ್ಲ ತೆಪ್ಪ ಹತ್ತಿಸುತ್ತಿದ್ದ. ಅವ್ವ ಮಾತ್ರ ಒಲೆ ಮುಂದೆ. ಮುತ್ತತ್ತಿಯ ಮಂಗಗಳ ಸಂಗತಿ ಹೋದವರಿಗೆಲ್ಲ ಗೊತ್ತು, ಕಣ್ಣು ಅತ್ತ ಇತ್ತ ಆದರೆ ಮುದ್ದೆ ಮರದ ಮೇಲಿರುತ್ತದೆ. ಹಾಗಾಗಿ ಪಾತ್ರೆ ಕಾಯಲು ಒಬ್ಬರು ಬೇಕು, ಆ ಒಬ್ಬರು ಯಾವಾಗಲೂ ಅವ್ವನೇ. ಹೊಳೆ ಮಧ್ಯೆ ತೆಪ್ಪ ಗಿರಗಿರ ತಿರುಗುವಾಗ ಅವಳು ದಡದಿಂದ ಸೌಟು ಎತ್ತಿ ಬೀಸುತ್ತಿದ್ದಳು. ಮಂಡ್ಯದಲ್ಲಿ ಟೀಚರ್ ಆದ ಮೇಲೂ ಆ ಸೌಟು ನನ್ನ ಕಣ್ಣಿಂದ ಹೋಗಿರಲಿಲ್ಲ.

ಕೊಚ್ಚಿಯ ದಡವನ್ನು ಫೋನಿನಲ್ಲಿ ನೋಡಿದಾಗಿನಿಂದ ನನಗೆ ಹುಚ್ಚು ಹಿಡಿದಿತ್ತು. ಉದ್ದಕ್ಕೂ ದೀಪ, ಐಸ್‌ಕ್ರೀಂ ಗಾಡಿ, ಹಾಡು ಹಾಕಿಕೊಂಡು ಕುಣಿಸುತ್ತಾ ಹೋಗುವ ದೊಡ್ಡ ದೋಣಿಗಳು. ರಜೆ ಬಂದದ್ದೇ ತಡ, ಬಾಡಿಗೆ ಕಾರು ಹಿಡಿದು ಅವ್ವ, ಅಪ್ಪ ಇಬ್ಬರನ್ನೂ ಕೂರಿಸಿಕೊಂಡು ಹೊರಟೆ. ಹಂಪು ಸಿಕ್ಕಿದಾಗಲೆಲ್ಲ ಡಿಕ್ಕಿಯಲ್ಲಿ ಏನೋ ಢಣ್ ಅನ್ನುತ್ತಿತ್ತು. ಮೈಸೂರು ದಾಟಿ ಟೀಗೆ ನಿಲ್ಲಿಸಿದಾಗ ತೆಗೆದು ನೋಡಿದೆ. ಸಾರಿನ ಪಾತ್ರೆ, ಮುದ್ದೆ ಕೋಲು, ರಾಗಿಹಿಟ್ಟು, ಅರೆದ ಖಾರದ ಡಬ್ಬಿ, ಒಂದು ಕಟ್ಟು ಸೌದೆ. ನಾನು ದಬಾಯಿಸಿದೆ. ಅವ್ವ ಜಗ್ಗಲಿಲ್ಲ.

"ನೀರ್ ತಾವ್ಕೆ ಓದೋರು ಒಲೆ ಅಚ್ದೆ ಬತ್ತಾರೇನವ್ವ?"

ಕೋಳಿ ಮಾತ್ರ ಅಲ್ಲೇ ಕೊಳ್ಳುವುದೆಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು.

ಮಾರನೆಯ ಸಂಜೆ ದಡಕ್ಕೆ ಬಂದಾಗ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನೀರಿಗೆಲ್ಲ ಕೆಂಪು ಬಿಸಿಲು ಬಿದ್ದಿತ್ತು, ದೋಣಿಯಿಂದ ಡೋಲಿನ ಸದ್ದು ಬರುತ್ತಿತ್ತು, ಆಚೆ ಒಂದು ಹಡಗು ನಮ್ಮೂರ ಕೆರೆ ಏರಿಯಷ್ಟು ಉದ್ದಕ್ಕೆ ನಿಂತಿತ್ತು. ಅವ್ವ ಇದ್ಯಾವುದನ್ನೂ ನೋಡದೆ ಕಲ್ಲು ಹುಡುಕುತ್ತಿದ್ದಳು. ಎಲ್ಲಿ ನೋಡಿದರೂ ಟೈಲ್ಸು. ಇಷ್ಟು ದೊಡ್ಡ ಊರಲ್ಲಿ ಮೂರು ಕಲ್ಲಿಗೆ ಗತಿಯಿಲ್ಲವಲ್ಲ ಎಂದು ಗೊಣಗುತ್ತಾ ಸೌದೆ ಕಟ್ಟು ಬಿಚ್ಚಿದ್ದೇ ತಡ, ಕಾವಲಿನವನು ಸೀಟಿ ಊದುತ್ತಾ ಓಡಿ ಬಂದ. ಅವನ ಮಲಯಾಳ ನಮಗೆ ಬರದು, ನಮ್ಮ ಕನ್ನಡ ಅವನಿಗೆ ಬರದು. ಕೈ ಆಡಿಸಿದ ರೀತಿಯಲ್ಲೇ ಎಲ್ಲ ತಿಳಿಯಿತು. ಬೆಂಕಿ ಹಚ್ಚುವಂತಿಲ್ಲ, ಸಾಮಾನು ಬಿಟ್ಟು ಹೋಗುವಂತೆಯೂ ಇಲ್ಲ. ಕೋಳಿ ತರಲು ಎದ್ದಿದ್ದ ಅಪ್ಪ ಚೀಲ ಮಡಚಿ ಬೆಂಚಿನ ಮೇಲೆ ಕೂತ. ನನಗೆ ಒಳಗೊಳಗೇ ಹಬ್ಬ. ಓಡಿ ಹೋಗಿ ಮೂರು ಟಿಕೆಟ್ ತಂದೆ.

"ನೀವೋಗ್ಬನ್ನಿ," ಅಂದಳು ಅವ್ವ. "ನಾ ಪಾತ್ರೆ ನೋಡ್ಕಂಡಿರ್ತೀನಿ."

ಒಲೆಯಿಲ್ಲ, ಸಾರಿಲ್ಲ, ಊರಿಗೆಲ್ಲ ಒಂದು ಮಂಗವಿಲ್ಲ. ನನಗೆ ರೇಗಿಹೋಯಿತು. ಖಾಲಿ ಪಾತ್ರೆ ಎತ್ತಿ ಅಪ್ಪನ ತೊಡೆಯ ಮೇಲಿಟ್ಟು, ಇವತ್ತು ನೀನು ಕಾಯಪ್ಪ ಅಂದೆ. ಅಪ್ಪ ಪಾತ್ರೆ ನೋಡಿದ, ಅವ್ವನನ್ನು ನೋಡಿದ. ಆಮೇಲೆ ಮುದ್ದೆ ಕೋಲನ್ನೂ ಪಕ್ಕಕ್ಕೆ ಎಳೆದುಕೊಂಡ.

"ಓಗಮ್ಮಿ, ಬೆಳಕಿರಂಗೆ ನೋಡ್ಕಂಬಾ."

ದೋಣಿ ಅಲುಗಿದಾಗ ಅವ್ವ ಕಣ್ಣು ಮುಚ್ಚಿ ನನ್ನ ಕೈ ಹಿಡಿದಳು, ಬಳೆ ಒತ್ತಿ ಗುರುತು ಬಿತ್ತು. ಡೋಲು ಶುರುವಾದ ಮೇಲೆ ಒಂದು ಕಣ್ಣು ಬಿಟ್ಟಳು. ನೀರಿನ ನಡುವೆ ಬಂದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಂಬಿಯ ಹತ್ತಿರ ನಿಂತಿದ್ದಳು, ಆ ದೀಪ ಏನು, ಈ ದೋಣಿ ಎಲ್ಲಿಗೆ ಎಂದು ಕೇಳಿ ಕೇಳಿ ನನ್ನ ಪ್ರಾಣ ತಿಂದಳು. ಅವಳನ್ನು ಅಷ್ಟು ಖುಷಿಯಾಗಿ ನಾನು ನೋಡಿಯೇ ಇರಲಿಲ್ಲ. ದಡದಲ್ಲಿ ಅಪ್ಪ ಚಿಕ್ಕದಾಗಿ ಕಾಣುತ್ತಿದ್ದ. ಅವನು ಮುದ್ದೆ ಕೋಲು ಎತ್ತಿ ನಮ್ಮ ಕಡೆ ಬೀಸಿದ. ಅವ್ವ ಎರಡೂ ಕೈ ಎತ್ತಿ ಬೀಸಿದಳು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂತು.

ಇಳಿದು ಬಂದಾಗ, ಹೊರಡೋಣ ಎಂದು ಅಪ್ಪ ಪಾತ್ರೆ ಎತ್ತಿಕೊಂಡು ಎದ್ದ. ಅವ್ವ ಅವನ ಹೆಗಲು ಒತ್ತಿ ಮತ್ತೆ ಕೂರಿಸಿ, ನನ್ನ ಕೈಯಲ್ಲಿ ಉಳಿದಿದ್ದ ಮೂರನೇ ಟಿಕೆಟ್ ಕಿತ್ತುಕೊಂಡಳು.

"ನಿನ್ ಟಿಕೀಟಲ್ಲಿ ನಾನೇ ಇನ್ನೊಂದ್ ಸಲ ಓಯ್ತೀನಿ. ಪಾತ್ರೆ ನೋಡ್ಕಂಡಿರು," ಅಂದವಳು ನನ್ನನ್ನೂ ಕರೆಯದೆ ದೋಣಿಯ ಕಡೆ ನಡೆದಳು.