ಬಾದಶಾನ ಹಾರಿಕೆ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಔರಾದ ಊರಿಗೆ ಹೋಗುವ ಬಸ್ಸಿನ ಬಾಗಿಲಿಗೆ ಸಿಕ್ಕಿ ಹೋಯಿತು ಎನ್ನುತ್ತಿದ್ದರು. ಅದು ಎಡಗೈಯೂ ಆಗಿದ್ದೀತು; ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ ಬೋಳು ಬೆರಳಿನಿಂದಲೇ ಚದುರಂಗದ ಕಾಯಿ ತಳ್ಳುತ್ತಿದ್ದದ್ದು ಮಾತ್ರ ನಿಜ.

ಭಾಲ್ಕಿಯಲ್ಲಿ ನಮ್ಮ ಪಕ್ಕದ ಮನೆಯವರು, ನಿವೃತ್ತ ಬಸ್ ಕಂಡಕ್ಟರ್. ನನಗೆ ಕಾಕಾ. ಆಟ ಕಲಿಸಿದ್ದೂ ಅವರೇ, ಹಳೆಯ ಪದ್ಧತಿಯಲ್ಲಿ: ಪ್ಯಾದೆ, ಅಂದರೆ ಕಾಲಾಳು, ಯಾವಾಗಲೂ ಒಂದೇ ಮನೆ ನಡೆಯಬೇಕು, ಬಾದಶಾ, ಅಂದರೆ ರಾಜ, ಅಲ್ಲಿಯತನಕ ತನಗೆ ಶಹ (ಚೆಕ್) ಬೀಳದಿದ್ದರೆ ಒಂದು ಸಲ ಕುದುರೆಯಂತೆ ಹಾರಬಹುದು.

ಬೀದರಿನ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ತಲೆಗೆ ಹತ್ತದಿದ್ದಾಗ, ಚೆಸ್ ಆಡುವ ಪ್ರೋಗ್ರಾಂ ಒಂದನ್ನು ಮೊದಲಿನಿಂದ ನಾನೇ ಬರೆದು ಕಲಿಯುವ ಹಟ ಹಿಡಿದೆ. ನಿಯಮಗಳನ್ನು ಪುಸ್ತಕ ನೋಡಿ ಹಾಕಿದೆ. ಕಾಯಿಗಳು ನಡೆದವು, ಆದರೆ ಬುದ್ಧಿಯಿಲ್ಲದೆ. ರಜೆಯಲ್ಲಿ ಊರಿಗೆ ಹೋಗಿ ಆಟಕ್ಕೆ ಕೂತಾಗ ಕಾಕಾ ಎಂದಿನಂತೆ, ಕಾಯಿ ಮುಟ್ಟುವ ಮೊದಲು ಎದ್ದು ಹಲಗೆಯ ಈಚೆ ನನ್ನ ಕಡೆ ಬಂದರು.

"ಸರಿ ಅತ್ಲಾಗ. ಈಗ ನಾ ನೀನು. ನನಗ ಹ್ಯಾಂಗ ಕೆಡವ್ತಿ ನೋಡ್ತೇನಿ."

"ನನ್ನ ಬುದ್ಧಿ ನಿಮಗ ಹ್ಯಾಂಗ ಬರ್ತದ ಕಾಕಾ?"

"ಇದ್ದಿದ್ರ ಬರ್ತಿತ್ತು. ಅತ್ಲಾಗ ಸರಿ ಅಂದ್ನಲ್ಲ!"

ಅದನ್ನೇ ಪ್ರೋಗ್ರಾಮಿನಲ್ಲಿ ಬರೆದೆ: ಯಂತ್ರ ಯೋಚಿಸಬೇಕಾದ್ದು ತನ್ನೊಂದು ನಡೆ, ಆಮೇಲೆ ಎದುರಾಳಿಯ ಜಾಗದಲ್ಲಿ ಕೂತು, ತನಗೆ ಹೆಚ್ಚು ಕೇಡಾಗುವ ನಡೆ, ಮತ್ತೆ ತನ್ನದು. ಯಂತ್ರ ಆಡತೊಡಗಿತು.

ಕಾಲೇಜಿನ ಪ್ರದರ್ಶನಕ್ಕೆ ಕಾಕಾ ಇಸ್ತ್ರಿ ಅಂಗಿ ತೊಟ್ಟು ಬಂದರು. ಎಲ್ಲರೆದುರು ಯಂತ್ರದೊಂದಿಗೆ ಆಡಲು ಕೂತರು. ಇಕ್ಕಟ್ಟು ಬಂದಾಗ ಬಾದಶಾನನ್ನು ಹಾರಿಸಿದರು. ಪರದೆಯ ಮೇಲೆ "ತಪ್ಪು ನಡೆ" ಎಂದು ಬಂತು. ಮತ್ತೆ ಹಾರಿಸಿದರು. ಹುಡುಗರು ನಕ್ಕರು.

"ಮಶೀನಿಗಿ ಗೊತ್ತಿಲ್ರಿ ಸರ್," ಎಂದರು ಅಧ್ಯಾಪಕರಿಗೆ. "ಇನ್ನಾ ಶಹ ಬಿದ್ದಿಲ್ಲ, ಬಾದಶಾ ಹಾರ್ತಾನ. ಏ ತಮ್ಮಾ, ಇವರಿಗಿ ಹೇಳು."

ನಾನು ಹೇಳಿದ್ದು: "ಅವರಿಗೆ ಆಟ ಸರಿಯಾಗಿ ಬರೋದಿಲ್ಲ ಸರ್."

ಆಗ ಕಾಕಾ ನಕ್ಕರು ಎಂದೇ ಬಹಳ ದಿನ ನೆನಪಿಟ್ಟುಕೊಂಡಿದ್ದೆ. ಅಲ್ಲಿದ್ದ ಗೆಳೆಯ, ನಗಲಿಲ್ಲ ಎನ್ನುತ್ತಾನೆ. ಆ ನಗುವನ್ನು ನನ್ನ ಅನುಕೂಲಕ್ಕೆ ನಾನೇ ಹುಟ್ಟಿಸಿಕೊಂಡಿರಬೇಕು. ಯಂತ್ರ ಯೋಚಿಸುವ ರೀತಿ ಎಲ್ಲಿಂದ ಹೊಳೆಯಿತು ಎಂದು ಅಧ್ಯಾಪಕರು ಕೇಳಿದಾಗ, ಕಾಕಾ ಅಲ್ಲೇ ನಿಂತಿರುವಾಗ, "ನನಗೇ ಹೊಳೀತು ಸರ್" ಎಂದದ್ದೂ ಇದೆ.

ಮುಂದಿನ ರಜೆಯ ಹೊತ್ತಿಗೆ ಅವರು ಹೊಸ ನಿಯಮಗಳನ್ನು ಯಾರಿಂದಲೋ ಕೇಳಿ ಕಲಿತಿದ್ದರು. ಆಟ ಹೂಡಿದರು. ಎದ್ದು ನನ್ನ ಕಡೆ ಬರಲಿಲ್ಲ. ಪ್ರತಿ ಕಾಯಿಯನ್ನೂ ಎತ್ತಿ, ಗಾಳಿಯಲ್ಲೇ ಹಿಡಿದು, ನನ್ನ ಮುಖ ನೋಡಿ ಕೇಳುತ್ತಿದ್ದರು:

"ಇದು ನಡೀತದಾ?"

ನಡೆಯುತ್ತದೆ ಎನ್ನುತ್ತಿದ್ದೆ. ಅದೇ ನಮ್ಮ ಕೊನೆಯ ಆಟ. ಅವರು ತೀರಿಹೋದ ಸುದ್ದಿ ಬೀದರಿಗೆ ಬಂದಾಗ ನನ್ನ ಪರೀಕ್ಷೆ ನಡೆದಿತ್ತು. ಅವರ ಕ್ಷಮೆ ಕೇಳಿದ್ದೆನೇನೋ ಎಂದು ಎಷ್ಟೋ ಸಲ ನೆನಪು ಕೆದಕಿದ್ದೇನೆ. ಕೇಳಿಲ್ಲ. ಇದೊಂದರಲ್ಲಿ ನನಗೆ ಅನುಮಾನವಿಲ್ಲ.